ಡಿಶ್ ಮಾಳಿಗೆ ಏರೀತು, ಕೆಟ್ಟರ ಯಾರು ಬರ್ತಾರ?

2025ರ ಜನವರಿಯಲ್ಲಿ ಬೀದರ್ ಜಿಲ್ಲೆ ಹುಮನಾಬಾದ್ ತಾಲ್ಲೂಕಿನ ಜಲಸಂಗಿಯಲ್ಲಿ ಭಾರಿ ಬಲೂನೊಂದು ಮನೆಯ ಮೇಲೆ ಬಂದು ಬಿತ್ತು. ಜೊತೆಗೆ ಏನೋ ಯಂತ್ರ. ಊರೆಲ್ಲ ನೆರೆಯಿತು, ಪೊಲೀಸರು ಬಂದರು, ವಿಡಿಯೊ ನಮ್ಮ ಫೋನುಗಳಿಗೂ ಬಂತು. ಶಾಸನ ಬರೆಯುವ ಶಿಲಾಬಾಲಿಕೆ ಇರುವ ಚಾಲುಕ್ಯರ ಗುಡಿಯಿಂದ ಹೆಸರಾದ ಊರು ಅದು. ಆ ವಾರ ಮಾತ್ರ ಬಲೂನಿನಿಂದ ಹೆಸರಾಯಿತು.

ಬಲೂನು ಹೈದರಾಬಾದಿನಲ್ಲಿರುವ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಬಲೂನ್ ಕೇಂದ್ರದ್ದು. ಐದು ದಶಕಕ್ಕೂ ಹೆಚ್ಚು ಕಾಲದಿಂದ ಅಲ್ಲಿಂದ ವಿಜ್ಞಾನದ ಬಲೂನುಗಳು ಏರುತ್ತಿವೆ. ತೆಳು ಪಾಲಿಥೀನ್ ಹಾಳೆ, ಒಳಗೆ ಹೈಡ್ರೋಜನ್, ಕೆಳಗೆ ತೂಗುವ ಉಪಕರಣ. ಮೂವತ್ತು ಕಿಲೋಮೀಟರಿಗೂ ಮೇಲೆ ಹೋಗಿ, ಕೆಲಸ ಮುಗಿಸಿ, ಗಾಳಿ ಒಯ್ದ ಕಡೆ ಪ್ಯಾರಾಚೂಟಿನಲ್ಲಿ ಇಳಿಯುತ್ತವೆ. ಗಾಳಿ ಪಡುವಣಕ್ಕೆ ಬೀಸಿದರೆ ಇಳಿಯುವ ನೆಲ ನಮ್ಮದು. ‘ಸಿಕ್ಕರೆ ಮುಟ್ಟಬೇಡಿ, ಹತ್ತಿರದ ಠಾಣೆಗೆ ತಿಳಿಸಿ’ ಎಂಬ ಪ್ರಕಟಣೆ ನಮ್ಮ ಪತ್ರಿಕೆಗಳಲ್ಲಿ ಆಗಾಗ ಬರುತ್ತಿರುತ್ತದೆ. ಓದುವವರು ಕಡಿಮೆ.

ಆ ವಿಡಿಯೊ ನೋಡಿದ ನನ್ನ ಸೋದರಮಾವ ಒಂದೇ ಪ್ರಶ್ನೆ ಕೇಳಿದ: “ಇದರಾಗ ನೆಟ್ ಬರ್ತದೇನು?”

ನಕ್ಕುಬಿಟ್ಟೆ. ಆಮೇಲೆ ನಗಬಾರದಿತ್ತು ಅನಿಸಿತು. ಅವನ ಊರು ಚಿಂಚೋಳಿ ಕಡೆಯದು. ರೇಷನ್ ಅಂಗಡಿಯವರು ಹೆಬ್ಬೆಟ್ಟಿನ ಮಷೀನ್ ಹಿಡಿದುಕೊಂಡು ಮಾಳಿಗೆ ಹತ್ತುತ್ತಾರೆ, ಅವರ ಹಿಂದೆ ಮುದುಕಿಯರು ಮೆಟ್ಟಿಲು ಹತ್ತುತ್ತಾರೆ. “ಆಯಿ, ಇಲ್ಲಿ ಬಂತು ನೋಡು, ಅಲುಗಾಡಬ್ಯಾಡ, ಬಟ್ಟು ಇಡು” ಅನ್ನುವ ಮಾತು ಆ ಮಾಳಿಗೆಯ ಮೇಲೆ ನಾನೇ ಕೇಳಿದ್ದೇನೆ. ಅಂಥ ಊರಿನವನಿಗೆ ಆಕಾಶದಿಂದ ಬಿದ್ದ ಬಲೂನಿನಲ್ಲಿ ನೆಟ್ ಕಂಡರೆ ತಪ್ಪೇನಿದೆ? ಅದೂ ಅಲ್ಲದೆ, ಬಲೂನಿನಿಂದ ಇಂಟರ್ನೆಟ್ ಕೊಡುವ ಯೋಜನೆ ನಿಜಕ್ಕೂ ಇತ್ತು. ಎಂಟು ವರ್ಷದ ಹತ್ತಿರ ನಡೆಯಿತು.

ಗೂಗಲ್‌ನವರ ‘ಲೂನ್’ 2013ರ ಜೂನ್‌ನಲ್ಲಿ ನ್ಯೂಜಿಲೆಂಡಿನಲ್ಲಿ ಮೂವತ್ತು ಬಲೂನುಗಳೊಂದಿಗೆ ಹೊರಬಂತು. ಟೆನಿಸ್ ಅಂಗಳದಷ್ಟು ಅಗಲದ ಪ್ಲಾಸ್ಟಿಕ್ ಚೀಲ, ಸೌರಫಲಕ, ಬ್ಯಾಟರಿ, ಒಂದು ಪುಟ್ಟ ಮೊಬೈಲ್ ಟವರ್. ಹಾರುವುದು ಇಪ್ಪತ್ತು ಕಿಲೋಮೀಟರ್ ಆಸುಪಾಸಿನಲ್ಲಿ, ಅಂದರೆ ಮೋಡ, ಮಳೆ, ವಿಮಾನ ಎಲ್ಲವನ್ನೂ ದಾಟಿ. ಇಂಜಿನ್ ಇಲ್ಲ. ಹಾಗಾದರೆ ಬೇಕಾದ ಕಡೆ ಹೋಗುವುದು ಹೇಗೆ? ಇಲ್ಲೇ ಇತ್ತು ಅದರ ಜಾಣತನ. ಆ ಎತ್ತರದಲ್ಲಿ ಗಾಳಿ ಪದರ ಪದರವಾಗಿರುತ್ತದೆ. ಒಂದು ಪದರ ಮೂಡಣಕ್ಕೆ ಬೀಸಿದರೆ ಅದರ ಮೇಲಿನದು ಬಡಗಣಕ್ಕೆ ಬೀಸೀತು. ಬಲೂನಿಗೆ ಏರಲು ಇಳಿಯಲು ಬಂದರೆ ಸಾಕು, ಬೇಕಾದ ಗಾಳಿಯನ್ನು ಆರಿಸಿಕೊಂಡು ತೇಲಬಹುದು. ಯಾವ ಹೊತ್ತಿಗೆ ಯಾವ ಪದರಕ್ಕೆ ಹೋಗಬೇಕೆಂದು ಲೆಕ್ಕ ಹಾಕಲು ಕಂಪ್ಯೂಟರಿಗೆ ಕಲಿಸಿದರು. ಒಂದು ಬಲೂನು 312 ದಿನ ಕೆಳಗಿಳಿಯದೆ ಹಾರಿತು. 2017ರಲ್ಲಿ ಮರಿಯಾ ಚಂಡಮಾರುತ ಪೋರ್ಟೊರಿಕೊದ ಟವರುಗಳನ್ನೆಲ್ಲ ಮಲಗಿಸಿದಾಗ ಲಕ್ಷಕ್ಕೂ ಹೆಚ್ಚು ಜನಕ್ಕೆ ಈ ಬಲೂನುಗಳೇ ಸಿಗ್ನಲ್ ಕೊಟ್ಟವು. 2020ರ ಜುಲೈನಲ್ಲಿ ಕೀನ್ಯಾದಲ್ಲಿ ಅಲ್ಲಿನ ಟೆಲ್ಕಾಮ್ ಕಂಪನಿಯೊಂದಿಗೆ ದುಡ್ಡಿನ ಸೇವೆಯೂ ಶುರುವಾಯಿತು: 50,000 ಚದರ ಕಿಲೋಮೀಟರ್ ಪ್ರದೇಶಕ್ಕೆ ಸುಮಾರು 35 ಬಲೂನು.

ಆ ಲೆಕ್ಕವನ್ನು ನಮ್ಮ ನೆಲಕ್ಕೆ ಇಳಿಸಿ ನೋಡೋಣ. ಕಲಬುರಗಿ 10,954 ಚದರ ಕಿಲೋಮೀಟರ್, ಬೀದರ್ 5,448, ಯಾದಗಿರಿ 5,234. ಮೂರೂ ಸೇರಿ 21,600ಕ್ಕೆ ಚೂರು ಮೇಲೆ. ಕೀನ್ಯಾದ ಪ್ರಮಾಣದಲ್ಲಿ ಹದಿನೈದು ಬಲೂನು ಬೇಕು. ಇಷ್ಟೇನಾ ಅನಿಸುತ್ತದೆ, ನನಗೂ ಅನಿಸಿತ್ತು. ಆದರೆ ಒಂದೊಂದು ಬಲೂನಿಗೂ ಲಕ್ಷಾಂತರ ರೂಪಾಯಿ. ಕೆಲವೇ ತಿಂಗಳಿಗೆ ಬಾಳಿಕೆ ಮುಗಿಯುತ್ತದೆ. ಮುಗಿದದ್ದನ್ನು ಇಳಿಸಬೇಕು, ಹೊಸದು ಏರಿಸಬೇಕು, ಗಾಳಿ ಒಯ್ದದ್ದು ತಿರುಗಿ ಬರುವವರೆಗೆ ಆ ಜಾಗಕ್ಕೆ ಇನ್ನೊಂದು ಬೇಕು. ಬೀದರಿನ ಮೇಲಂತೂ ವಾಯುಪಡೆಯ ತರಬೇತಿ ವಿಮಾನಗಳು ದಿನವಿಡೀ ಸುತ್ತುತ್ತವೆ. ಬಲೂನು ಅವುಗಳಿಗಿಂತ ಎಷ್ಟೋ ಮೇಲಿದ್ದರೂ ಏರುವಾಗ ಇಳಿಯುವಾಗ ಅದೇ ಆಕಾಶವನ್ನು ಹಾಯಬೇಕು.

ಭಾರತದಲ್ಲೂ ಲೂನ್ ಮಾತುಕತೆ ನಡೆದಿತ್ತು. ಅದು ಬಳಸುವ ತರಂಗಾಂತರ ಇಲ್ಲಿ ಮೊಬೈಲ್ ಕಂಪನಿಗಳ ಬಳಕೆಯಲ್ಲಿದೆ, ಒಂದಕ್ಕೊಂದು ಅಡ್ಡ ಬರುತ್ತದೆ ಎಂದು ಸರ್ಕಾರ ಸಂಸತ್ತಿನಲ್ಲಿ ಹೇಳಿತು. ಕಥೆ ಅಲ್ಲಿಗೇ ನಿಂತಿತು. 2021ರ ಜನವರಿಯಲ್ಲಿ ಕಂಪನಿಯೇ ಅಂಗಡಿ ಮುಚ್ಚಿತು. ಬಲೂನು ಕೈಕೊಟ್ಟದ್ದಕ್ಕಲ್ಲ, ವ್ಯಾಪಾರವಾಗಿ ನಿಲ್ಲುವಷ್ಟು ಖರ್ಚು ಇಳಿಯಲಿಲ್ಲ ಎಂಬ ಕಾರಣಕ್ಕೆ.

ಈ ಕಾರಣವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಟವರ್ ಹಾಕಿದರೆ ಲಾಭವಿದ್ದ ಕಡೆ ಕಂಪನಿಗಳು ಆಗಲೇ ಟವರ್ ಹಾಕಿವೆ. ಬಿಟ್ಟ ಜಾಗ ಯಾಕೆ ಬಿಟ್ಟವು? ಜನ ಕಡಿಮೆ, ಇಲ್ಲವೆ ಜನರ ಕೈಯಲ್ಲಿ ದುಡ್ಡು ಕಡಿಮೆ. ಬಲೂನು ಹೊರಟದ್ದು ಆ ಜಾಗಕ್ಕೇ. ಅದರ ಸಿಗ್ನಲ್ ಹಿಡಿಯಲು 4ಜಿ ಫೋನು ಬೇಕು, ಫೋನಿಗೆ ದುಡ್ಡು ಬೇಕು. ಕೊಳ್ಳಲಾರದವರ ಊರಿಗೇ ಅಂಗಡಿ ಒಯ್ದು ಇಟ್ಟ ಹಾಗಾಯಿತು. ಆಕಾಶದಿಂದ ಕೊಡುವ ಯಾವ ಇಂಟರ್ನೆಟ್ಟನ್ನೂ ಬೆನ್ನು ಹತ್ತುವ ತೊಡಕು ಇದೇ, ಬಲೂನು ಹೋಗಿ ಉಪಗ್ರಹ ಬಂದರೂ ಬಿಡುವುದಿಲ್ಲ.

ಬಲೂನಿನಂಥದ್ದನ್ನು ಪೂರ್ತಿ ಕೈಬಿಟ್ಟಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. 2025ರ ಮೇ 3ರಂದು ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ಮಧ್ಯಪ್ರದೇಶದ ಶ್ಯೋಪುರದಿಂದ ವಾಯುನೌಕೆಯೊಂದನ್ನು 17 ಕಿಲೋಮೀಟರ್ ಎತ್ತರಕ್ಕೆ ಏರಿಸಿತು, ಹಾರಾಟ 62 ನಿಮಿಷದ್ದು. ಅದರ ಕಣ್ಣು ಮುಖ್ಯವಾಗಿ ಕಣ್ಗಾವಲಿನ ಮೇಲೆ. ಮಾವನ ರೇಷನ್ ಮಷೀನಿಗೆ ಸದ್ಯಕ್ಕೆ ಅದರಿಂದ ಉಪಯೋಗವಿಲ್ಲ.

ಇನ್ನು ಉಪಗ್ರಹ. ಇದರ ಬಗ್ಗೆ ಬೆಂಗಳೂರಿನವರು ಬರೆಯುವಾಗ ಎಲ್ಲವೂ ನಿನ್ನೆ ಮೊನ್ನೆ ಶುರುವಾದ ಹಾಗೆ ಬರೆಯುತ್ತಾರೆ. ನಮ್ಮ ಭಾಗಕ್ಕೆ ಉಪಗ್ರಹ ಬಂದು ಐವತ್ತು ವರ್ಷ ಆಯಿತು.

1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಒಂದು ವರ್ಷ, ಅಮೆರಿಕದ ನಾಸಾದಿಂದ ಎರವಲು ಪಡೆದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ 2,400 ಹಳ್ಳಿಗಳಿಗೆ ನೇರವಾಗಿ ಟೆಲಿವಿಷನ್ ಬಂತು. ಇಸ್ರೊ ನಡೆಸಿದ ಆ ಪ್ರಯೋಗದ ಹೆಸರು ‘ಸೈಟ್’. ಕರ್ನಾಟಕದಲ್ಲಿ ಆರಿಸಿಕೊಂಡದ್ದು ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳನ್ನು. ಯಾದಗಿರಿ ಆಗ ಗುಲ್ಬರ್ಗದ ಒಳಗೇ ಇತ್ತು. ಬೆಂಗಳೂರಿನ ಮನೆಗಳಲ್ಲಿ ಟಿವಿ ಇಲ್ಲದ ಕಾಲದಲ್ಲಿ ನಮ್ಮ ಕಡೆಯ ಹಳ್ಳಿಗಳ ಕಟ್ಟೆಯ ಮುಂದೆ ಟಿವಿ ಇತ್ತು. ಕೋಳಿಗೂಡಿನ ಜಾಲರಿಯಂಥ ತಂತಿ ಬಲೆಯಿಂದ ಮಾಡಿದ ಮೂರು ಮೀಟರ್ ಅಗಲದ ಆಂಟೆನಾ, ಪೆಟ್ಟಿಗೆಯಂಥ ಟಿವಿ, ಸಂಜೆ ಹೊತ್ತಿಗೆ ಬೇಸಾಯದ ಪಾಠ, ಆರೋಗ್ಯದ ಮಾತು. ವರ್ಷ ಮುಗಿಯಿತು, ಉಪಗ್ರಹ ಸರಿದುಹೋಯಿತು. ಆ ಕೊರತೆ ತುಂಬಲು 1977ರಲ್ಲಿ ಗುಲ್ಬರ್ಗದಲ್ಲಿ ದೂರದರ್ಶನದ ಟ್ರಾನ್ಸ್‌ಮಿಟರ್ ಎದ್ದಿತು. ಬೇರೆ ಕಡೆ ಮೊದಲು ಟವರ್ ಬಂದು ಆಮೇಲೆ ಉಪಗ್ರಹ ಬಂತು, ನಮ್ಮಲ್ಲಿ ಉಲ್ಟಾ.

ಆ ಪ್ರಯೋಗದ ಬಗ್ಗೆ ಓದುವಾಗಲೆಲ್ಲ ನನಗೆ ಆಂಟೆನಾಕ್ಕಿಂತ ದೊಡ್ಡದಾಗಿ ಕಾಣುವುದು ಅದರ ರಿಪೇರಿ ವ್ಯವಸ್ಥೆ. ಕರೆಂಟಿನ ಏರಿಳಿತ, ಧೂಳು, ಸೆಕೆ ಎಲ್ಲದರ ನಡುವೆ ಆ ಪೆಟ್ಟಿಗೆಗಳು ನಡೆಯಲೇಬೇಕಿತ್ತು. ಅದಕ್ಕೆಂದೇ ಜಿಲ್ಲೆಗಳಲ್ಲಿ ರಿಪೇರಿ ಕೇಂದ್ರ, ಬಿಡಿಭಾಗ, ಹಳ್ಳಿಗೆ ಹೋಗುವ ತಂತ್ರಜ್ಞರು ಇದ್ದರು. ಕೆಟ್ಟರೆ ಬರುವ ಮನುಷ್ಯ ಇದ್ದ. ಈಗಿನ ಎಲ್ಲ ಜಾಹೀರಾತುಗಳಲ್ಲೂ ಉಪಗ್ರಹ ಕಾಣುತ್ತದೆ, ಡಿಶ್ ಕಾಣುತ್ತದೆ, ನಗುವ ಮಗು ಕಾಣುತ್ತದೆ. ಆ ಮನುಷ್ಯ ಕಾಣುವುದಿಲ್ಲ.

ಆಗಿನ ಉಪಗ್ರಹಕ್ಕೂ ಈಗಿನದಕ್ಕೂ ಇರುವ ವ್ಯತ್ಯಾಸ ದೂರದ್ದು. ಎಟಿಎಸ್-6 ಇದ್ದದ್ದು ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಮೇಲೆ. ಆ ಎತ್ತರದಲ್ಲಿ ಭೂಮಿ ತಿರುಗುವ ವೇಗಕ್ಕೇ ಉಪಗ್ರಹವೂ ಸುತ್ತುವುದರಿಂದ ಕೆಳಗಿನವರಿಗೆ ಅದು ಒಂದೇ ಕಡೆ ನಿಂತಂತೆ. ಆಂಟೆನಾ ಒಮ್ಮೆ ತಿರುಗಿಸಿ ಬಿಗಿದರೆ ಮುಗಿಯಿತು, ಮನೆಯ ಡಿಟಿಎಚ್ ತಟ್ಟೆಯ ಹಾಗೆ. ಟಿವಿಗೆ ಅದು ಸಾಕು. ಇಂಟರ್ನೆಟ್ ಹಾಗಲ್ಲ, ಕೇಳಿ ಉತ್ತರ ಪಡೆಯುವ ವ್ಯವಹಾರ. ನೀವು ಒತ್ತಿದ ಗುಂಡಿಯ ಸುದ್ದಿ ಮೇಲೆ ಹೋಗಿ ಕೆಳಗಿಳಿಯಬೇಕು, ಉತ್ತರ ಮತ್ತೆ ಮೇಲೆ ಹೋಗಿ ಕೆಳಗಿಳಿಯಬೇಕು. ಒಟ್ಟು ಒಂದೂವರೆ ಲಕ್ಷ ಕಿಲೋಮೀಟರಿನ ಹತ್ತಿರ. ಬೆಳಕಿನ ವೇಗದಲ್ಲೂ ಅರ್ಧ ಸೆಕೆಂಡು. ಕೇಳಲು ಸಣ್ಣದು, ಆದರೆ ಹೆಬ್ಬೆಟ್ಟಿನ ಮಷೀನು ಒಂದು ಸಲದ ಕೆಲಸಕ್ಕೆ ಸರ್ವರಿನ ಜೊತೆ ಹಲವು ಸುತ್ತು ಮಾತಾಡುತ್ತದೆ. ಆಚೆ ಸರ್ವರ್ ನಿಧಾನವಿದ್ದರೆ ‘ಟೈಮ್ ಔಟ್’ ಅನ್ನುತ್ತದೆ.

ಈಗ ಬರುತ್ತಿರುವುದು ಕೆಳಗಿನ ಕಕ್ಷೆಯವು. ಉಪಗ್ರಹದಿಂದ ಇಂಟರ್ನೆಟ್ ಕೊಡುವ ಕಂಪನಿಗಳಲ್ಲಿ ಸ್ಟಾರ್‌ಲಿಂಕ್‌ನವು 550 ಕಿಲೋಮೀಟರ್ ಆಸುಪಾಸು, ಒನ್‌ವೆಬ್‌ನವು 1,200. ಹತ್ತಿರ ಇರುವುದರಿಂದ ಉತ್ತರ ಬೇಗ ಬರುತ್ತದೆ, ಫೈಬರ್ ಕೇಬಲ್ಲಿನ ನೆಟ್ಟಿಗೆ ಹೆಚ್ಚು ಕಡಿಮೆ ಸಾಟಿ. ಆದರೆ ಹತ್ತಿರ ಇದ್ದದ್ದು ನಿಂತಲ್ಲಿ ನಿಲ್ಲುವುದಿಲ್ಲ, ಕೆಲವೇ ನಿಮಿಷದಲ್ಲಿ ನಮ್ಮ ಆಕಾಶ ದಾಟಿ ಹೋಗುತ್ತದೆ. ಅದರ ಬೆನ್ನಿಗೇ ಇನ್ನೊಂದು ಬರಬೇಕು, ಅದರ ಹಿಂದೆ ಮತ್ತೊಂದು. ಅದಕ್ಕೇ ಸ್ಟಾರ್‌ಲಿಂಕ್ 2019ರಿಂದ ಸಾವಿರಾರು ಉಪಗ್ರಹ ಹಾರಿಸಿದೆ. ಒನ್‌ವೆಬ್‌ನ 72 ಉಪಗ್ರಹಗಳನ್ನು 2022ರ ಅಕ್ಟೋಬರ್ ಮತ್ತು 2023ರ ಮಾರ್ಚ್‌ನಲ್ಲಿ ಶ್ರೀಹರಿಕೋಟಾದಿಂದ ಇಸ್ರೊ ರಾಕೆಟ್ಟೇ ಒಯ್ದಿತು. ಮಾಳಿಗೆ ಮೇಲಿನ ತಟ್ಟೆ ಕೂಡ ಬೇರೆ ಜಾತಿಯದು. ಅಲುಗಾಡದೆ ಕೂತಲ್ಲೇ ತನ್ನ ಕಿರಣವನ್ನು ಒಂದು ಉಪಗ್ರಹದಿಂದ ಇನ್ನೊಂದಕ್ಕೆ ಹೊರಳಿಸುತ್ತದೆ.

ಜನ ಮರೆಯುವ ಸಂಗತಿಯೊಂದಿದೆ: ಉಪಗ್ರಹದಲ್ಲಿ ಇಂಟರ್ನೆಟ್ ಇಲ್ಲ. ಅದು ಕನ್ನಡಿ ಇದ್ದ ಹಾಗೆ, ಇಲ್ಲಿಂದ ಬಂದದ್ದನ್ನು ಅಲ್ಲಿಗೆ ದಾಟಿಸುತ್ತದೆ. ಅಲ್ಲಿ ಅಂದರೆ ಎಲ್ಲೋ ಒಂದು ಕಡೆಯ ಭೂಕೇಂದ್ರ, ಅದರ ಬೆನ್ನಿಗೆ ದಪ್ಪ ಫೈಬರ್ ಕೇಬಲ್. ನಮ್ಮ ದೇಶದ ಬಳಕೆದಾರರ ಸಂಚಾರ ನಮ್ಮ ದೇಶದ ಕೇಂದ್ರದ ಮೂಲಕವೇ ಹಾಯಬೇಕೆಂಬ ನಿಯಮವೂ ಇದೆ, ಸರ್ಕಾರ ಹೇಳಿದರೆ ಸೇವೆ ನಿಲ್ಲಿಸಲೂ ಬೇಕು. ಗಲಾಟೆ ಆದಾಗ ನೆಟ್ ಬಂದ್ ಮಾಡುವ ನಮ್ಮಲ್ಲಿ ಉಪಗ್ರಹಕ್ಕೆ ಮಾತ್ರ ವಿನಾಯಿತಿ ಸಿಗುತ್ತದೆಂದು ಕನಸು ಕಾಣಬೇಕಿಲ್ಲ.

ಅನುಮತಿಯ ಕಥೆ ಉದ್ದ, ಚುಟುಕಾಗಿ ಹೇಳುತ್ತೇನೆ. 2021ರಲ್ಲಿ ಸ್ಟಾರ್‌ಲಿಂಕ್ ಪರವಾನಗಿ ಇಲ್ಲದೆಯೇ ಇಲ್ಲಿ ಮುಂಗಡ ಬುಕಿಂಗ್ ಶುರುಮಾಡಿ, ಸರ್ಕಾರ ತಡೆದ ಮೇಲೆ ದುಡ್ಡು ವಾಪಸ್ ಕೊಟ್ಟಿತು. 2023ರ ದೂರಸಂಪರ್ಕ ಕಾಯ್ದೆ ಉಪಗ್ರಹದ ತರಂಗಾಂತರವನ್ನು ಹರಾಜಿಲ್ಲದೆ ಹಂಚಲು ದಾರಿ ಮಾಡಿತು. 2025ರ ಮಾರ್ಚ್‌ನಲ್ಲಿ, ಅದುವರೆಗೆ ಎದುರು ನಿಂತಿದ್ದ ಏರ್‌ಟೆಲ್ ಮತ್ತು ಜಿಯೊ ಒಂದರ ಹಿಂದೊಂದು ಅದೇ ಕಂಪನಿಯ ಜೊತೆ ಕೈ ಕುಲುಕಿದವು. ಜೂನ್‌ನಲ್ಲಿ ಪರವಾನಗಿ, ಜುಲೈನಲ್ಲಿ ಬಾಹ್ಯಾಕಾಶ ನಿಯಂತ್ರಣ ಸಂಸ್ಥೆಯಾದ ಇನ್‌ಸ್ಪೇಸ್‌ನ ಒಪ್ಪಿಗೆ.

ಆ ಹೊತ್ತಿನಲ್ಲೇ ಕೇಂದ್ರದ ಸಂಪರ್ಕ ಖಾತೆಯ ರಾಜ್ಯ ಸಚಿವರು ಆಡಿದ ಒಂದು ಮಾತನ್ನು ನಮ್ಮ ಕಡೆಯವರು ಹೆಚ್ಚು ಗಮನಿಸಲಿಲ್ಲ: ಸ್ಟಾರ್‌ಲಿಂಕ್ ಇಡೀ ದೇಶದಲ್ಲಿ 20 ಲಕ್ಷ ಗ್ರಾಹಕರಿಗಷ್ಟೇ ಸೇವೆ ಕೊಡಬಲ್ಲದು.

2011ರ ಜನಗಣತಿಯ ಪ್ರಕಾರ ಕಲಬುರಗಿಯಲ್ಲಿ 25.66 ಲಕ್ಷ, ಬೀದರಿನಲ್ಲಿ 17.03 ಲಕ್ಷ, ಯಾದಗಿರಿಯಲ್ಲಿ 11.74 ಲಕ್ಷ ಜನ. ಒಟ್ಟು 54 ಲಕ್ಷಕ್ಕೆ ಸ್ವಲ್ಪ ಮೇಲೆ, ದೇಶದ ಜನರಲ್ಲಿ ಶೇಕಡಾ ಅರ್ಧಕ್ಕೂ ಕಡಿಮೆ ಪಾಲು. ಆ 20 ಲಕ್ಷವನ್ನು ಜನಸಂಖ್ಯೆಗೆ ತಕ್ಕಂತೆ ಹಂಚಿದರೆ ನಮ್ಮ ಮೂರು ಜಿಲ್ಲೆಗೆ ಸುಮಾರು ಒಂಬತ್ತು ಸಾವಿರ ಸಂಪರ್ಕ. ಮನೆಗೆ ಐದು ಜನ ಅಂತ ಹಿಡಿದರೂ ಹನ್ನೊಂದು ಲಕ್ಷದ ಹತ್ತಿರ ಮನೆಗಳಿವೆ. ನೂರು ಮನೆಯ ಊರಿಗೆ ಒಂದು ತಟ್ಟೆಯೂ ಪೂರ್ತಿ ಬರುವುದಿಲ್ಲ.

ಈ ಮಿತಿ ಸರ್ಕಾರದ ಜಿಪುಣತನದ್ದು ಅಂದುಕೊಳ್ಳಬೇಡಿ, ಉಪಗ್ರಹದ ಗುಣವೇ ಹಾಗೆ. ಅದು ನೆಲದ ಮೇಲೆ ಹತ್ತಿಪ್ಪತ್ತು ಕಿಲೋಮೀಟರ್ ಅಗಲದ ಬೆಳಕಿನ ವೃತ್ತ ಚೆಲ್ಲಿದ ಹಾಗೆ ಸಿಗ್ನಲ್ ಚೆಲ್ಲುತ್ತದೆ. ವೃತ್ತದೊಳಗೆ ಇದ್ದವರೆಲ್ಲ ಒಂದೇ ಕೊಡದ ನೀರು ಹಂಚಿಕೊಳ್ಳಬೇಕು. ಇಪ್ಪತ್ತು ಕಿಲೋಮೀಟರ್ ವೃತ್ತ ಅಂದರೆ 314 ಚದರ ಕಿಲೋಮೀಟರ್. ಕಲಬುರಗಿಯ ಜನಸಾಂದ್ರತೆ ಚದರ ಕಿಲೋಮೀಟರಿಗೆ 230ರ ಮೇಲೆ. ಅಲ್ಲಿಗೆ 72,000 ಜನ, ಹದಿನಾಲ್ಕು ಸಾವಿರ ಮನೆ. ಆ ವೃತ್ತಕ್ಕೆ ಸೆಕೆಂಡಿಗೆ ಹತ್ತು ಗಿಗಾಬಿಟ್ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ. ಎಲ್ಲರೂ ಒಟ್ಟಿಗೆ ತೆರೆದರೆ ಮನೆಗೆ ಒಂದು ಮೆಗಾಬಿಟ್ಟೂ ಇಲ್ಲ. ಆಸ್ಟ್ರೇಲಿಯಾದ ಒಳನಾಡಿನಲ್ಲಿ, ಅಲಾಸ್ಕಾದಲ್ಲಿ ಇದೇ ವೃತ್ತದಲ್ಲಿ ಹತ್ತು ಮನೆ ಇದ್ದಾವು. ಅವರಿಗೆ ಅದು ಭರ್ಜರಿ. ಜನ ತುಂಬಿದ ನಮ್ಮ ಬಯಲಿಗೆ ಹೊಲಿದ ಅಂಗಿ ಅಲ್ಲ ಅದು.

ಬೆಲೆಯ ಮಾತು. 2025ರ ಡಿಸೆಂಬರ್‌ನಲ್ಲಿ ಸ್ಟಾರ್‌ಲಿಂಕ್‌ನ ಭಾರತದ ಜಾಲತಾಣದಲ್ಲಿ ತಿಂಗಳಿಗೆ 8,600 ರೂಪಾಯಿ, ಉಪಕರಣಕ್ಕೆ 34,000 ಎಂಬ ದರ ಕಾಣಿಸಿತು. ಕೂಡಲೇ ಕಂಪನಿ ಅದು ತಾಂತ್ರಿಕ ದೋಷ, ನಿಜವಾದ ದರ ಅಲ್ಲ ಎಂದಿತು. ಸರಿ, ಅದು ದರ ಅಲ್ಲ. ಆದರೂ ಆ ಅಂಕಿಯನ್ನು ತೊಗರಿಯಲ್ಲಿ ಅಳೆಯದೆ ಇರಲು ನನ್ನಿಂದ ಆಗಲಿಲ್ಲ, ಕಲಬುರಗಿಯವನಲ್ಲವೆ! 2025-26ಕ್ಕೆ ತೊಗರಿಯ ಬೆಂಬಲ ಬೆಲೆ ಕ್ವಿಂಟಲಿಗೆ 8,000. ತಿಂಗಳ ಬಿಲ್ಲಿಗೆ ಒಂದು ಕ್ವಿಂಟಲಿಗೂ ಹೆಚ್ಚು, ತಟ್ಟೆಗೆ ನಾಲ್ಕು ಕ್ವಿಂಟಲಿಗೂ ಹೆಚ್ಚು. ಮಳೆ ನಂಬಿದ ಹೊಲದಲ್ಲಿ ಎಕರೆಗೆ ನಾಲ್ಕು ಕ್ವಿಂಟಲ್ ಬಂದರೆ ಕೈಮುಗಿಯುತ್ತೇವೆ. ಮೂರು ಎಕರೆಯ ರಾಶಿ ಒಂದು ವರ್ಷದ ನೆಟ್ಟಿಗೆ ಹೋಗುತ್ತದೆ. ನಿಜವಾದ ದರ ಅದರ ಅರ್ಧಕ್ಕೆ ಇಳಿದರೂ, ಕಾಲುಭಾಗಕ್ಕೆ ಇಳಿದರೂ ಮಾವನ ಮನೆಗೆ ಆ ತಟ್ಟೆ ಬರುವುದಿಲ್ಲ. ಬಂದರೆ ಪಂಚಾಯಿತಿಗೆ, ಶಾಲೆಗೆ, ಆಸ್ಪತ್ರೆಗೆ ಬರಬೇಕು. ಆಗ ಬಿಲ್ ಕಟ್ಟುವವರು ಯಾರು ಎಂಬುದು ಆದೇಶದಲ್ಲೇ ಬರೆದಿರಬೇಕು, ಇಲ್ಲವಾದರೆ ಮೂರನೇ ತಿಂಗಳು ಸಂಪರ್ಕ ಕಡಿದುಹೋಗುತ್ತದೆ.

ಇನ್ನೊಂದು, ಕರೆಂಟು. ಉಪಗ್ರಹದ ತಟ್ಟೆ ಕೈಯಲ್ಲಿ ಹಿಡಿಯುವ ಫೋನಿನ ಹಾಗೆ ಅಲ್ಲ, ಫ್ಯಾನಿನಷ್ಟು ಉಣ್ಣುತ್ತದೆ: 75ರಿಂದ 100 ವಾಟ್, ನಿರಂತರ. ಬೇಸಿಗೆಯಲ್ಲಿ ಗಾಳಿ ಮಳೆಗೆ ಲೈನ್ ಹೋಯಿತೆಂದರೆ ಎರಡು ದಿನ ಬಾರದ ಊರುಗಳಿವೆ. ತಟ್ಟೆಯ ಜೊತೆ ಸೌರಫಲಕ, ಬ್ಯಾಟರಿ ಕೊಡದಿದ್ದರೆ ಕರೆಂಟು ಹೋದಾಗ ಟವರಿನ ಜೊತೆ ತಟ್ಟೆಯೂ ಸಾಯುತ್ತದೆ. ಮೇ ತಿಂಗಳ 44 ಡಿಗ್ರಿ ಬಿಸಿಲು, ಫರಸಿ ಕಲ್ಲಿನ ಮಾಳಿಗೆಯ ಕಾವು ಬೇರೆ. 50 ಡಿಗ್ರಿವರೆಗೆ ತಡೆಯುತ್ತದೆ ಎಂದು ಕಂಪನಿಯ ವಿವರದಲ್ಲಿದೆ. ನಮ್ಮ ಮಾಳಿಗೆ ಮೇಲೆ ಮಧ್ಯಾಹ್ನ ಬರಿಗಾಲಲ್ಲಿ ನಿಂತವರಿಗೆ ಆ ಐವತ್ತು ಎಷ್ಟು ಹತ್ತಿರ ಅನ್ನುವುದು ಗೊತ್ತು.

ಹಾಗಂತ ಉಪಗ್ರಹ ಬೇಡ ಅನ್ನುವವನಲ್ಲ ನಾನು. ಬೇಕಾದ ಜಾಗಗಳು ಇದ್ದೇ ಇವೆ, ಬೆರಳೆಣಿಕೆಯವು. ಚಿಂಚೋಳಿಯ ಕುಂಚಾವರಂ ಕಾಡಂಚಿನ ತಾಂಡಾಗಳು. ಗುಡ್ಡ ಅಡ್ಡ ಬರುತ್ತದೆ, ವನ್ಯಧಾಮದಲ್ಲಿ ಅಗೆಯಲು ಅನುಮತಿ ಸುಲಭವಲ್ಲ, ಮನೆಗಳು ಚದುರಿವೆ. ಯಾದಗಿರಿ ಜಿಲ್ಲೆಯಲ್ಲಿ ಕೃಷ್ಣೆಯ ನಡುವಿನ ನೀಲಕಂಠರಾಯನಗಡ್ಡಿ. ನಾರಾಯಣಪುರ ಜಲಾಶಯದಿಂದ ನೀರು ಬಿಟ್ಟಾಗ ಹೊರಗಿನ ನೆಲದಿಂದ ಕಡಿದುಹೋಗುತ್ತಿದ್ದ ಊರು ಎಂದು ಪತ್ರಿಕೆ ಓದುವವರಿಗೆಲ್ಲ ಪರಿಚಯ. ಇಂಥ ಕಡೆ ಮನೆಮನೆಗೆ ತಟ್ಟೆ ಬೇಕಿಲ್ಲ, ಊರಿಗೊಂದು ಸಾಕು. ಅದನ್ನು ಪುಟ್ಟ ಟವರಿಗೆ ಜೋಡಿಸಿದರೆ ಜನರ ಕೈಯಲ್ಲಿರುವ ಫೋನುಗಳೇ ನಡೆಯುತ್ತವೆ. ಇನ್ನು ನೆರೆ. 2020ರ ಅಕ್ಟೋಬರ್‌ನಲ್ಲಿ ಭೀಮೆ ಉಕ್ಕಿದಾಗ ಅಫಜಲಪುರ, ಜೇವರ್ಗಿ ಕಡೆ ನೀರಿನ ಜೊತೆಗೆ ಕರೆಂಟು, ಕರೆಂಟಿನ ಜೊತೆಗೆ ಟವರು ಹೋದ ಹಳ್ಳಿಗಳ ಸುದ್ದಿ ತಿಳಿಯುವುದೇ ಕಷ್ಟವಾಗಿತ್ತು. ತಹಶೀಲ್ದಾರರ ಜೀಪಿನಲ್ಲಿ ಒಂದು ತಟ್ಟೆ, ಒಂದು ಬ್ಯಾಟರಿ ಇದ್ದರೆ ಕಾಳಜಿ ಕೇಂದ್ರದಿಂದ ಮನೆಯವರಿಗೆ ಫೋನ್ ಮಾಡಲಾದರೂ ಆಗುತ್ತದೆ.

ಉಳಿದ ಬಯಲಿಗೆ? ಇಲ್ಲಿ ನನ್ನ ಅಭಿಪ್ರಾಯ ಹಳೆಯದು, ರೋಚಕವೂ ಅಲ್ಲ. ಮಣ್ಣಿನೊಳಗಿನ ಫೈಬರ್. 2011ರಲ್ಲಿ ರಾಷ್ಟ್ರೀಯ ಆಪ್ಟಿಕಲ್ ಫೈಬರ್ ಜಾಲ ಎಂದು ಹುಟ್ಟಿ ಆಮೇಲೆ ಭಾರತ್‌ನೆಟ್ ಎಂದು ಹೆಸರಾದ ಯೋಜನೆ ಪಂಚಾಯಿತಿ ಬಾಗಿಲವರೆಗೆ ಕೇಬಲ್ ತಂದಿದೆ. ಹಾಗಾದರೆ ನೆಟ್ ಯಾಕಿಲ್ಲ ಅಂತ ಕೇಳಿದರೆ ಪಂಚಾಯಿತಿಯ ಮೂಲೆಯಲ್ಲಿ ಧೂಳು ಹಿಡಿದ ಡಬ್ಬಿ ತೋರಿಸುತ್ತಾರೆ. ಬ್ಯಾಟರಿ ಸತ್ತಿರುತ್ತದೆ. ಇಲ್ಲವೆ ನಾಲ್ಕು ಕಿಲೋಮೀಟರ್ ಆಚೆ ನೀರಿನ ಪೈಪಿಗೆ ಜೆಸಿಬಿ ಅಗೆದು ಕೇಬಲ್ ಕತ್ತರಿಸಿರುತ್ತದೆ. ನಮ್ಮ ಎರೆಮಣ್ಣಿನದೂ ಒಂದು ಪಾಲಿದೆ. ಬೇಸಿಗೆಯಲ್ಲಿ ಅಂಗೈ ಹೋಗುವಷ್ಟು ಬಿರುಕು ಬಿಟ್ಟು, ಮಳೆಗೆ ಉಬ್ಬಿ, ವರ್ಷವಿಡೀ ಒಳಗೇ ಹೊರಳಾಡುವ ಮಣ್ಣು ಅದು. ಆಳ ಕಡಿಮೆ ತೋಡಿ ಹೂತ ಕೇಬಲ್ಲಿಗೆ ಅದರ ಮಧ್ಯೆ ಆಯುಷ್ಯ ಕಡಿಮೆ. ಒಂದೇ ಎಳೆಯಲ್ಲಿ ಊರಿಂದ ಊರಿಗೆ ಹೋದ ಕೇಬಲ್ಲು ಒಂದು ಕಡೆ ತುಂಡಾದರೆ ಅದರಾಚೆಯ ಪಂಚಾಯಿತಿಗಳೆಲ್ಲ ಕತ್ತಲು.

2023ರ ಆಗಸ್ಟ್‌ನಲ್ಲಿ ಕೇಂದ್ರ ಒಪ್ಪಿದ ಪರಿಷ್ಕೃತ ಭಾರತ್‌ನೆಟ್ 1.39 ಲಕ್ಷ ಕೋಟಿ ರೂಪಾಯಿಯದು. ಅದರಲ್ಲಿ ನನಗೆ ಹಿಡಿಸಿದವು ಎರಡು. ಎಳೆಯ ಬದಲು ಬಳೆಯ ಆಕಾರದಲ್ಲಿ ಜೋಡಣೆ, ಅಂದರೆ ಒಂದು ಕಡೆ ಕಡಿದರೂ ಇನ್ನೊಂದು ಕಡೆಯಿಂದ ಸಂಪರ್ಕ ಉಳಿಯುತ್ತದೆ. ಮತ್ತು ಹಾಕಿದವರೇ ಹತ್ತು ವರ್ಷ ನಿರ್ವಹಣೆ ಮಾಡಬೇಕೆಂಬ ಕರಾರು. 1975ರ ಆ ರಿಪೇರಿ ಮನುಷ್ಯ ಕೊನೆಗೂ ಕಾಗದದ ಮೇಲೆ ತಿರುಗಿ ಬಂದಿದ್ದಾನೆ. ಊರಿಗೆ ಬರಬೇಕಷ್ಟೆ.

ಲೂನ್ ಸತ್ತಿತೆಂದು ಹೇಳಿದೆನಲ್ಲ, ಅದಕ್ಕೊಂದು ಮಗು ಉಳಿದಿದೆ. ಬಲೂನಿನಿಂದ ಬಲೂನಿಗೆ ಮಾತು ದಾಟಿಸಲು ಅವರು ಬೆಳಕಿನ ಕಿರಣ ಬಳಸುತ್ತಿದ್ದರು. ಬಲೂನು ಹೋಯಿತು, ಕಿರಣವನ್ನು ನೆಲಕ್ಕೆ ಇಳಿಸಿದರು. ‘ತಾರಾ’ ಎಂದು ಅದರ ಹೆಸರು. ಕಂಬದ ಮೇಲೊಂದು, ಇಪ್ಪತ್ತು ಕಿಲೋಮೀಟರ್ ಆಚೆ ಕಂಬದ ಮೇಲೊಂದು ಪೆಟ್ಟಿಗೆ, ನಡುವೆ ಕಾಣದ ಕಿರಣ. ಕೇಬಲ್ ಇಲ್ಲದ ಫೈಬರ್ ಅನ್ನಿ. ಆಫ್ರಿಕಾದಲ್ಲಿ ಕಾಂಗೊ ನದಿಯ ಆಚೆಈಚೆ ಇರುವ ಬ್ರಾಜವಿಲ್ ಮತ್ತು ಕಿನ್ಶಾಸಾ ನಗರಗಳನ್ನು ಹೀಗೆ ಜೋಡಿಸಿದರು. ನಮ್ಮ ದೇಶದಲ್ಲಿ ಏರ್‌ಟೆಲ್ ಜೊತೆಗೂಡಿ ಕೆಲಸ ನಡೆದಿದೆ. ಮಂಜು ಕವಿದರೆ, ಧೂಳೆದ್ದರೆ ಕಿರಣ ಮಸುಕಾಗುತ್ತದೆ, ಅದು ಅದರ ಕೊರತೆ. ಆದರೆ ಭೂಪಟದ ಮೇಲೆ ನಮ್ಮ ಜಿಲ್ಲೆಗಳನ್ನು ನೋಡಿ: ಬಹುಪಾಲು ಗುಡ್ಡವಿಲ್ಲದ ಬಯಲು, ನಡುವೆ ಕೃಷ್ಣೆ, ಭೀಮೆ, ಕಾಗಿಣಾ. ಒಂದೂರಿನ ನೀರಿನ ಟ್ಯಾಂಕ್ ಮೇಲೆ ನಿಂತರೆ ಇನ್ನೊಂದೂರಿನ ಟ್ಯಾಂಕ್ ಕಾಣುವ ನೆಲ ಇದು. ಎರೆಮಣ್ಣು ಅಗೆಯಬೇಕಿಲ್ಲ, ಜೆಸಿಬಿಯ ಭಯವಿಲ್ಲ. ಉಪಗ್ರಹದ ಬಗ್ಗೆ ಇಷ್ಟು ಗದ್ದಲ ಮಾಡುವ ನಾವು ಇದರ ಬಗ್ಗೆ ಚಕಾರ ಎತ್ತದಿರುವುದು ನನಗೆ ಸೋಜಿಗ.

ತಟ್ಟೆಯೇ ಬೇಡ, ಕೈಯಲ್ಲಿರುವ ಫೋನೇ ಉಪಗ್ರಹದ ಜೊತೆ ಮಾತಾಡುವ ಬಗೆಯೂ ಬರುತ್ತಿದೆ. 2025ರ ಡಿಸೆಂಬರ್‌ನಲ್ಲಿ ಇಸ್ರೊದ ಎಲ್‌ವಿಎಂ-3 ಒಯ್ದ ಅಮೆರಿಕನ್ ಕಂಪನಿಯ ಬ್ಲೂಬರ್ಡ್ ಉಪಗ್ರಹ ಅದಕ್ಕಾಗಿಯೇ ಮಾಡಿದ್ದು. ಬಾನಿನಲ್ಲಿ ಮನೆಯಷ್ಟು ಅಗಲದ ಆಂಟೆನಾ ಬಿಚ್ಚಿಕೊಳ್ಳುತ್ತದೆ. ವಿಡಿಯೊ ನೋಡುವವರು ಇದರ ಮೇಲೆ ಬಹಳ ಆಸೆ ಇಡುವುದು ಬೇಡ. ಆದರೆ ಮುಂಗಾರಿಗೆ ಮೊದಲು ಹೊಲದಲ್ಲಿ ಸಿಡಿಲಿಗೆ ಸಾಯುವ ಜನ, ದನ ನಮ್ಮ ಭಾಗದಲ್ಲಿ ಪ್ರತಿ ವರ್ಷದ ಸುದ್ದಿ. ಟವರ್ ಇಲ್ಲದ ಹೊಲದಲ್ಲಿ ನಿಂತವನ ಕಿಸೆಯ ಫೋನಿಗೆ ‘ಗಿಡದ ಕೆಳಗೆ ನಿಲ್ಲಬೇಡ’ ಎಂಬ ಒಂದು ಸಾಲು ಹೊತ್ತಿಗೆ ಸರಿಯಾಗಿ ಬರುವುದಾದರೆ ನೂರು ಮೆಗಾಬಿಟ್ಟಿಗಿಂತ ಅದರ ಬೆಲೆ ಹೆಚ್ಚು.

ಈಗ ಕಣ್ಣು ನೆಟ್ಟಿರಬೇಕಾದ ಜಾಗ ನಮ್ಮ ಗಡಿಯಾಚೆಯೇ ಇದೆ. 2025ರ ನವೆಂಬರ್‌ನಲ್ಲಿ ಮಹಾರಾಷ್ಟ್ರ ಸರ್ಕಾರ ಸ್ಟಾರ್‌ಲಿಂಕ್ ಜೊತೆ ಒಪ್ಪಂದಕ್ಕೆ ಮುಂದಾಯಿತು. ದೂರದ ಶಾಲೆ, ಆಸ್ಪತ್ರೆ, ಸರ್ಕಾರಿ ಕಚೇರಿಗಳಿಗೆ ಉಪಗ್ರಹ ಸಂಪರ್ಕ ಕೊಡುವ ಯೋಜನೆ. ಹೆಸರಿಸಿದ ಜಿಲ್ಲೆಗಳು ಗಡ್ಚಿರೋಲಿ, ನಂದುರಬಾರ್, ವಾಶಿಂ ಮತ್ತು ಧಾರಾಶಿವ. ಧಾರಾಶಿವ ಅಂದರೆ ನಮ್ಮ ಹಿರಿಯರ ಬಾಯಲ್ಲಿ ಇನ್ನೂ ಉಸ್ಮಾನಾಬಾದ್. ಅದರ ಉಮರ್ಗಾ ತಾಲ್ಲೂಕು ಆಳಂದಕ್ಕೂ ಬಸವಕಲ್ಯಾಣಕ್ಕೂ ಅಂಟಿಕೊಂಡಿದೆ. ಅದೇ ಎರೆಮಣ್ಣು, ಅದೇ ತೊಗರಿ, ಅದೇ ಬಿಸಿಲು, ಕನ್ನಡ ಮಾತಾಡುವವರೂ ಇದ್ದಾರೆ. ಇದಕ್ಕಿಂತ ಒಳ್ಳೆಯ ಪರೀಕ್ಷೆ ನಮಗೆ ಬೇಕಿಲ್ಲ, ಖರ್ಚೂ ನಮ್ಮದಲ್ಲ.

ಮಾವನಿಗೆ ಇದನ್ನೆಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡ. “ಆ ಡಿಶ್ ಕೆಟ್ಟರ ಯಾರು ಬರ್ತಾರಂತ?” ಅಂದ. ಉಮರ್ಗಾದ ಯಾವುದಾದರೂ ಶಾಲೆಯ ಮೇಲೆ ತಟ್ಟೆ ಏರಿದ ದಿನ ಇಬ್ಬರೂ ಹೋಗಿ ನೋಡಿಬರೋಣ ಅಂದೆ. ಮೊದಲನೇ ದಿನ ಯಾಕೆ, ಎಲ್ಲ ಮೊದಲನೇ ದಿನ ಚಂದವೇ ಇರುತ್ತದೆ, ಒಂದು ಮಳೆಗಾಲ ಹೋಗಲಿ ಅಂದ ಅವನು. ಹಾಗೇ ಅಂತ ಮಾತಾಗಿದೆ.